ಕ್ಲಿನಿಕ್ ಬೋರ್ಡಿಂಗ್‌ನಾಗ ಹಕ್ಕಿ ಬಿಡಬಹುದೇನ್ರಿ? ರೋಗ ಹತ್ತೋದು ಹೆಂಗ, ತಪ್ಪಿಸೋದು ಹೆಂಗ? (ಬೆಳಗಾವಿ)

ಟಿಳಕವಾಡಿ_ಕಾಕಟೀಲ್ (ಬೆಳಗಾವಿ)

ನಮಸ್ಕಾರ್ರಿ ಎಲ್ಲಾರಿಗೂ. ಎರಡು ಕಾಕಟೀಲ್ (ಜುಟ್ಟಿನ ಸಣ್ಣ ಗಿಳಿ), ನಾಲ್ಕು ಬಡ್ಜಿ (ಅಂಗಡಿಯವರು ಲವ್ ಬರ್ಡ್ಸ್ ಅಂತ ಮಾರತಾರಲ್ಲ, ಅವು). ಆಗಸ್ಟ್‌ನಾಗ ಒಂಬತ್ತು ದಿನ ಮನಿಗೆ ಬೀಗ. ಊರಾಗ ಒಂದು ಪ್ರಾಣಿ ಕ್ಲಿನಿಕ್‌ನವರು ಬೋರ್ಡಿಂಗ್ ಇಟ್ಟಾರ. ನಾಯಿಗೆ ಬ್ಯಾರೆ ಹಾಲ್ ಐತಿ. ಬೆಕ್ಕು, ಮೊಲ, ಹಕ್ಕಿ ಒಂದ ಕೋಣ್ಯಾಗ. ಆರಾಮಿಲ್ಲದ ಹಕ್ಕಿ ಅಡ್ಮಿಟ್ ಆದ್ರ ಅದನ್ನೂ ಅದೇ ರ‍್ಯಾಕಿನ ಮ್ಯಾಲ ಇಡತಾರ.

ಕೇಳೋದು ಇಷ್ಟು. ಹಿಂಗ ಒಂದ ಕೋಣ್ಯಾಗ ಇಟ್ಟರ ಯಾವ ರೋಗ ಹತ್ತತಾವ? ಅಂಗಡಿಯವರು ಹೇಳಿದಂಗ ಬಿಡೂ ಮೊದಲು ಐದು ದಿನ ನೀರಾಗ ಆಂಟಿಬಯಾಟಿಕ್ ಪುಡಿ ಹಾಕಿದ್ರ ನಡೀತೈತೇನು? ಕೋಳಿಗೆ ಹಾಕೋ ಲಸೋಟಾ ಹನಿ ಇವಕ್ಕ ಉಪಯೋಗ ಐತೇನು? ವಾಪಸ್ ತಂದ ಮ್ಯಾಲ ಏನು ನೋಡಬೇಕು? ಮನ್ಯಾಗ ವಯಸ್ಸಾದ ಅಜ್ಜಿ ಅದಾರ, ಅದಕ್ಕ ಜರಾ ಬಿಡಿಸಿ ಹೇಳ್ರಿ.

ಗರಿ_ಕೊಕ್ಕು (ಬಾಗಲಕೋಟೆ, ಪಶುವೈದ್ಯ)

ಅಡ್ಮಿಟ್ ಆದ ಹಕ್ಕಿ, ಬೋರ್ಡಿಂಗ್ ಹಕ್ಕಿ ಒಂದೇ ರ‍್ಯಾಕಿನಲ್ಲಿ ಎಂದರೆ ಬೇರೇನೂ ವಿಚಾರಿಸುವ ಅಗತ್ಯವಿಲ್ಲ, ಅಲ್ಲಿ ಬಿಡಬೇಡಿ. ಯಾಕೆ ಎಂಬುದು ಗೊತ್ತಾದರೆ ಬೇರೆ ಜಾಗ ಹುಡುಕುವಾಗ ಅನುಕೂಲ, ಅದಕ್ಕೆ ಉದ್ದ ಬರೆಯುತ್ತಿದ್ದೇನೆ.

ಎಲ್ಲರಿಗೂ ನಾಯಿ ಬೊಗಳುವುದರ ಚಿಂತೆ. ಬೊಗಳುವುದರಿಂದ ರೋಗ ಅಂಟುವುದಿಲ್ಲ. ಆದರೆ ಹಗಲೂ ರಾತ್ರಿ ಗಾಬರಿ, ಹೊಸ ಜಾಗ, ಅರ್ಧಂಬರ್ಧ ನಿದ್ದೆ ಸೇರಿದರೆ ನಿಮ್ಮ ಹಕ್ಕಿಯ ಒಳಗೇ ಸುಮ್ಮನೆ ಮಲಗಿದ್ದ ರೋಗ ಎದ್ದು ಕೂರುತ್ತದೆ. ಗಿಳಿ ಜಾತಿಯ ಹಕ್ಕಿಗಳಲ್ಲಿ ಇದಕ್ಕೆ ಮುಖ್ಯ ಉದಾಹರಣೆ ಕ್ಲಮಿಡಿಯಾ ಸಿಟಾಸಿ, ಅಂದರೆ ಗಿಳಿಜ್ವರದ ಬ್ಯಾಕ್ಟೀರಿಯಾ. ಬಡ್ಜಿ, ಕಾಕಟೀಲ್ ಎರಡರಲ್ಲೂ ಇದು ಮಾಮೂಲು. ನೋಡಲು ಗಟ್ಟಿಮುಟ್ಟಾಗಿರುವ ಹಕ್ಕಿ ತಿಂಗಳುಗಟ್ಟಲೆ ಇದನ್ನು ಹೊತ್ತು ತಿರುಗುತ್ತದೆ. ಸಾಗಿಸಿದಾಗ, ಜಾಗ ಬದಲಾದಾಗ, ಮೊಟ್ಟೆ ಇಡುವಾಗ ಹಿಕ್ಕೆಯಲ್ಲಿ, ಮೂಗಿನ ನೀರಿನಲ್ಲಿ ಹೊರಹಾಕುತ್ತದೆ. ಹಿಕ್ಕೆ ಒಣಗಿ ಪುಡಿಯಾಗಿ ಗಾಳಿಗೆ ಏಳುತ್ತದೆ, ಪಕ್ಕದ ಪಂಜರದ್ದು ಅದನ್ನೇ ಉಸಿರಾಡುತ್ತದೆ. ಲಕ್ಷಣ ಕಾಣಲು 3 ದಿನದಿಂದ ಹಲವು ವಾರ ಬೇಕು. ಹೀಗಾಗಿ ಒಂಬತ್ತು ದಿನ ಬಿಟ್ಟು ಕರೆತಂದ ಹಕ್ಕಿ ಮನೆಗೆ ಬಂದ ಮೇಲೆಯೇ ಮಂಕಾಗುವುದು ಹೆಚ್ಚು. ಅದು ಅಲ್ಲಿಂದ ಬಂದದ್ದೋ, ನಿಮ್ಮ ಹಕ್ಕಿಯಲ್ಲಿ ಮೊದಲೇ ಇದ್ದದ್ದೋ ಹೇಳುವುದು ಕಷ್ಟ. ಕ್ಲಿನಿಕ್ ಜೊತೆ ಜಗಳಕ್ಕೆ ನಿಲ್ಲುವ ಮುನ್ನ ಇದು ನೆನಪಿರಲಿ.

ಗರಿ ಉದುರಿಸಿ ಕೊಕ್ಕು ಕೆಡಿಸುವ ಪಿಬಿಎಫ್‌ಡಿ ವೈರಸ್ಸಿನ ಕತೆ ಬೇರೆ. ಇದಕ್ಕೆ ಮದ್ದಿಲ್ಲ. ಮೂರು ವರ್ಷದೊಳಗಿನ ಎಳೆಯ ಹಕ್ಕಿಗಳಿಗೆ ಅಪಾಯ ಹೆಚ್ಚು. ಕಾಕಟೀಲ್‌ನಲ್ಲಿ ರೋಗವಾಗಿ ಕಾಣುವುದು ಅಪರೂಪ. ಬಡ್ಜಿ, ಆಫ್ರಿಕನ್ ಲವ್‌ಬರ್ಡ್, ಆಫ್ರಿಕನ್ ಗ್ರೇಗಳಲ್ಲಿ ಕಾಣುತ್ತದೆ. ಗರಿಯ ಧೂಳಿನಲ್ಲಿ ಈ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಸ್ಪಿರಿಟ್ ಒರೆಸಿದರೆ ಸಾಯುವುದಿಲ್ಲ. ಹೋದ ತಿಂಗಳು ಅಲ್ಲಿ ಯಾವ ಹಕ್ಕಿ ಇತ್ತು ಎಂಬುದೂ ಹೀಗಾಗಿ ಲೆಕ್ಕಕ್ಕೆ ಬರುತ್ತದೆ. ಪಂಜರ ತೊಳೆದಿರಬಹುದು, ಮರದ ಕೋಲನ್ನು ತೊಳೆದು ಶುದ್ಧ ಮಾಡಲು ಆಗುವುದಿಲ್ಲ. ಮರದ ಕೋಲು, ಬೆತ್ತದ ಗೂಡು, ಹಗ್ಗದ ಆಟಿಕೆ ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹೋಗಲೇಬಾರದು.

ಕ್ಲಿನಿಕ್ಕಿನಲ್ಲಿ ಪಂಜರಕ್ಕಿಂತ ಹೆಚ್ಚು ರೋಗ ಹರಡುವುದು ಕೈ ಮತ್ತು ಸಾಮಾನು. ಹಕ್ಕಿ ಹಿಡಿಯುವ ಟವೆಲ್, ಉಗುರು ಕತ್ತರಿಸುವ ಕ್ಲಿಪ್ಪರ್, ತೂಕದ ತಕ್ಕಡಿಯ ತಟ್ಟೆ, ಹಕ್ಕಿಯ ಗಂಟಲ ಚೀಲಕ್ಕೆ (ಕಾಳು ಮೊದಲು ಇಳಿಯುವ ಚೀಲ) ಆಹಾರ ಇಳಿಸುವ ಲೋಹದ ನಳಿಗೆ, ನೆಬ್ಯುಲೈಸರ್ ಮಾಸ್ಕ್ ಎಲ್ಲ ಈ ಪಟ್ಟಿಯಲ್ಲಿವೆ. ಒಂದು ಹಕ್ಕಿಗೆ ಒಂದು ಟವೆಲ್ ಎಂಬ ಕ್ರಮ ಇದೆಯೇ ಎಂದು ಕೇಳಿ. ತಡವರಿಸಿದರೆ ಇಲ್ಲ ಎಂದೇ ಅರ್ಥ. ಕೆಲಸದ ಸರದಿಯನ್ನೂ ಕೇಳಿ. ಬೆಳಿಗ್ಗೆ ಮೊದಲು ಬೋರ್ಡಿಂಗ್ ಹಕ್ಕಿ, ಆಮೇಲೆ ರೋಗಿ ಹಕ್ಕಿ, ನಡುವೆ ಏಪ್ರನ್ ಬದಲು, ಸೋಪಿನಲ್ಲಿ ಕೈ ತೊಳೆತ. ಸರದಿ ತಿರುವುಮುರುವಾದರೆ ರೋಗಿ ಹಕ್ಕಿಯ ಧೂಳು ಅಂಗಿ ತೋಳಿನ ಮೇಲೇ ನಿಮ್ಮದಕ್ಕೆ ತಲುಪುತ್ತದೆ.

ಪಂಜರದ ಮೇಲೆ ಪಂಜರ ಇಟ್ಟಿದ್ದಾರೆಯೇ ನೋಡಿ. ಮೇಲಿನದರ ಹೊಟ್ಟು, ಹಿಕ್ಕೆ, ಗರಿಪುಡಿ ಕೆಳಗಿನದರ ನೀರಿಗೆ ಬೀಳುತ್ತದೆ. ಕಾಕಟೀಲ್ ಮೈಯಿಂದ ಬಿಳಿ ಪುಡಿ ಎಷ್ಟು ಉದುರುತ್ತದೆ ಎಂದು ನಿಮಗೆ ಗೊತ್ತೇ ಇದೆ.

ಬೆಕ್ಕು ಒಂದೇ ಕೋಣೆಯಲ್ಲಿ ಇರುವುದು ನನಗೆ ನಾಯಿಗಿಂತ ದೊಡ್ಡ ತಕರಾರು. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಉಗುರಿಗೂ ಹತ್ತಿರುತ್ತದೆ. ಸರಳಿನ ಸಂದಿಯಿಂದ ಒಂದು ಗೀರು ಬಿದ್ದರೂ ರಕ್ತಕ್ಕೆ ನಂಜೇರಿ 24–48 ಗಂಟೆಯಲ್ಲಿ ಹಕ್ಕಿ ಸಾಯಬಹುದು. ಗಾಯ ಸಣ್ಣದು, ನಾಳೆ ನೋಡೋಣ ಎನ್ನುವ ವಿಷಯವಲ್ಲ. ಅದೇ ದಿನ, ಅದೇ ಗಂಟೆಯಲ್ಲಿ ಆಂಟಿಬಯಾಟಿಕ್ ಶುರುವಾಗಬೇಕು. ಕಾಕಟೀಲ್ ಬೇರೆ ಕತ್ತಲಲ್ಲಿ ಬೆಚ್ಚಿ ಪಂಜರಕ್ಕೆ ಬಡಿದುಕೊಂಡು ರಕ್ತಗರಿ (ಬೆಳೆಯುತ್ತಿರುವ, ಬುಡದಲ್ಲಿ ರಕ್ತ ತುಂಬಿದ ಗರಿ) ಮುರಿದುಕೊಳ್ಳುವ ಜಾತಿ. ರಾತ್ರಿ ಒಂದು ಮಂದ ದೀಪ ಇರಲಿ.

ಗುಮ್ಮಟ_ಲಾಫ್ಟ್ (ವಿಜಯಪುರ)

ಡಾಕ್ಟರ್ ಸಾಹೇಬ್ರು ಗಿಳಿ ಜಾತಿ ಬಗ್ಗೆ ಬರದಾರ, ನಾ ಪಾರಿವಾಳ, ಕೋಳಿ ಕಡಿಂದ ಹೇಳತೀನಿ. ನಮ್ಮ ಕಡೆ ಕ್ಲಿನಿಕ್‌ಗೆ ಬರೂ ಹಕ್ಕಿ ಬರೇ ಸಾಕಿದ ಗಿಳಿ ಅಲ್ಲ. ಜವಾರಿ ಕೋಳಿ ಬರತಾವ, ರೇಸಿನ ಪಾರಿವಾಳ ಬರತಾವ, ಸಂಕ್ರಾಂತಿ ಹೊತ್ತಿನ್ಯಾಗ ಗಾಳಿಪಟದ ಮಾಂಜಾಕ್ಕ ರೆಕ್ಕಿ ಕೊಯ್ದ ಹದ್ದು, ಪಾರಿವಾಳ ರಟ್ಟಿನ ಡಬ್ಯಾಗ ಬರತಾವ. ಆ ಡಬ್ಬಿ ಎಲ್ಲಿ ಇಳಸತಾರ ಅನ್ನೂದು ಮುಖ್ಯ. ರಿಸೆಪ್ಷನ್ ಟೇಬಲ್ ಮ್ಯಾಲ ಡಬ್ಬಿ, ಅದರ ಬಾಜೂಕ ನಿಮ್ಮ ಪಂಜರ ಆದ್ರ ಕೆಲಸ ಅಲ್ಲೇ ಕೆಟ್ಟಿತು.

ಪಾರಿವಾಳದ ಗಂಟಲಾಗ ಟ್ರೈಕೊಮೊನಾಸ್ ಅನ್ನೂ ಜೀವಿ ಇರತೈತಿ. ಬಾಯಾಗ ಹಳದಿ ಗಿಣ್ಣದಂಗ ಗಡ್ಡಿ ಕಟ್ಟತೈತಿ, ಹಕ್ಕಿ ಕಾಳು ನುಂಗಾಕ ಒದ್ದಾಡತೈತಿ. ಇದು ಬಡ್ಜಿಗೂ ಹತ್ತತೈತಿ. ಹಾದಿ ಅಂದ್ರ ನೀರಿನ ಬಟ್ಟಲ. ಒಣಗಿದ್ರ ಅದು ಸಾಯತೈತಿ, ಹಸಿ ಇದ್ರ ಉಳಿತೈತಿ. ಹಂಗಾಗಿ ಬಟ್ಟಲ ತೊಳದು ಬಿಸಲಾಗ ಪೂರಾ ಒಣಗಿಸಿ ಇಡೂದು ಯಾವ ಔಷಧಕ್ಕೂ ಕಡಿಮಿ ಇಲ್ಲ. ವಿಜಯಪುರದಾಗ ಬಿಸಲಿಗೇನು ಬರ ಇಲ್ಲಲ್ರಿ.

ಲಸೋಟಾ ಕೇಳಿದ್ರಿ. ಅದು ಕೋಳಿಯ ರಾಣಿಖೇತ್ ರೋಗಕ್ಕ ಇರೂ ಜೀವಂತ ಲಸಿಕಿ. ಗಿಳಿಜ್ವರಕ್ಕ, ಪಿಬಿಎಫ್‌ಡಿಗೆ ಅದರಿಂದ ಏನೂ ಆಗೂದಿಲ್ಲ. ಬೋರ್ಡಿಂಗ್‌ಗೆ ಬಿಡಾಕ ಅಂತ ಬಡ್ಜಿಗೆ ಹಾಕಿ ‘ಎಲ್ಲಾ ಲಸಿಕಿ ಆಗೇತಿ’ ಅನ್ನೂದು ನಿಮಗ ನೀವ ಸಮಾಧಾನ ಹೇಳಿಕೊಂಡಂಗ.

ಇನ್ನ ಬೆಳಗಾವಿ ಆಗಸ್ಟ್ ಅಂದ್ರ ಜಿಟಿಜಿಟಿ ಮಳಿ, ಗ್ವಾಡಿ ಎಲ್ಲಾ ಥಂಡಿ. ಅಲ್ಲಿ ಬ್ಯಾರೆನ ತ್ರಾಸ ಐತಿ, ಬೂಸ್ಟು. ಆಸ್ಪರ್ಜಿಲ್ಲಸ್ ಅನ್ನೂ ಬೂಸ್ಟಿನ ಪುಡಿ ಉಸಿರಿನ ಚೀಲದಾಗ ಕೂತ್ರ ಹಕ್ಕಿ ಬಾಯಿ ತಗದು ಉಸಿರಾಡತೈತಿ, ಧ್ವನಿ ಬದಲಾಗತೈತಿ. ಇದು ಹಕ್ಕಿಯಿಂದ ಹಕ್ಕಿಗೆ ಹತ್ತೂದಿಲ್ಲ, ಜಾಗಾದಿಂದ ಹತ್ತತೈತಿ. ಪಂಜರದ ತಳಕ್ಕ ಮರದ ಹೊಟ್ಟು, ಶೇಂಗಾ ಸಿಪ್ಪಿ, ಮೆಕ್ಕಿಜ್ವಾಳದ ದಂಟಿನ ಪುಡಿ ಹಾಕಿದ್ರ ನೀರು ಚೆಲ್ಲಿದ ಎರಡು ದಿನಕ್ಕ ಬೂಸ್ಟು. ಹಳೀ ಪೇಪರ್ ಹಾಸ್ರಿ, ದಿನಾ ತಗೀರಿ, ಹಿಕ್ಕಿ ಎಣಸಾಕೂ ಬರತೈತಿ. ಬ್ಯಾಸಗಿಗೆ ವಿಜಯಪುರ, ಬಾಗಲಕೋಟ ಕಡೆ ಕೂಲರ್ ಹಚ್ಚತಾರ. ಅದರ ಕಟಗಿ ಎಳಿ ಪ್ಯಾಡ್ ವರ್ಷಾನುಗಟ್ಲೆ ಬದಲಿ ಮಾಡಿರೂದಿಲ್ಲ, ಅದರ ಗಾಳಿ ನೆಟ್ಟಗ ಪಂಜರಕ್ಕ. ಅದೂ ಬೂಸ್ಟಿನ ಮನಿನ.

ಕಾಳು ನಿಮ್ಮದ ಕೊಡ್ರಿ. ನವಣಿ, ಸಜ್ಜಿ ಒಂದೊಂದು ದಿನದ ಪುಡಿಕಿ ಕಟ್ಟಿ ಒಂಬತ್ತಕ್ಕ ಹನ್ನೊಂದು ಪುಡಿಕಿ ಕೊಟ್ಟರ ಅವರ ಡಬ್ಬ್ಯಾಗ ಕೈ ಹಾಕೂದು ತಪ್ಪತೈತಿ. ಹುಳ ಹಿಡದ ಕಾಳು, ಕರೇ ಆದ ಶೇಂಗಾ ಬ್ಯಾಡ. ಶೇಂಗಾ, ಮೆಕ್ಕಿಜ್ವಾಳದಾಗಿನ ಬೂಸ್ಟಿನ ವಿಷ ಲಿವರ್‌ಗೆ ಹೊಡಿತೈತಿ.

ಕೃಷ್ಣಾ_ದಂಡೆ (ಜಮಖಂಡಿ, ಔಷಧ ಅಂಗಡಿ)

ಆಂಟಿಬಯಾಟಿಕ್ ಪುಡಿಯ ಪ್ರಶ್ನೆ ಹಾಗೇ ಉಳಿದಿದೆ. ಉತ್ತರ: ಹಾಕಬೇಡಿ. ಕಾರಣ ಒಂದಲ್ಲ.

ಬಡ್ಜಿ ಮೂಲತಃ ಆಸ್ಟ್ರೇಲಿಯಾದ ಒಣಭೂಮಿಯ ಹಕ್ಕಿ, ದಿನಕ್ಕೆ ಕೆಲವೇ ಮಿಲಿಲೀಟರ್ ನೀರು ಕುಡಿಯುತ್ತದೆ. ಪುಡಿ ಹಾಕಿದ ನೀರು ಹಳದಿ, ರುಚಿ ಕಹಿ. ಇನ್ನೂ ಕಡಿಮೆ ಕುಡಿಯುತ್ತದೆ. ಮೈಗೆ ಸೇರುವ ಪ್ರಮಾಣ ಯಾವ ಲೆಕ್ಕಕ್ಕೂ ಸಾಲುವುದಿಲ್ಲ. ಗಿಳಿಜ್ವರದ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಅವಿತಿರುತ್ತದೆ. ಅದು ಬೆಳೆಯುವ ಹಂತದಲ್ಲಿದ್ದಾಗ ಮಾತ್ರ ಡಾಕ್ಸಿಸೈಕ್ಲಿನ್ (ಈ ರೋಗಕ್ಕೆ ಕೊಡುವ ಆಂಟಿಬಯಾಟಿಕ್) ತಾಗುತ್ತದೆ. ಅದಕ್ಕೇ ಚಿಕಿತ್ಸೆಗೆ ಸಾಮಾನ್ಯವಾಗಿ 45 ದಿನ ಬಿಡದೆ ಕೊಡುತ್ತಾರೆ. ಐದು ದಿನ ಕೊಟ್ಟು ನಿಲ್ಲಿಸಿದರೆ ರೋಗ ಹೋಗುವುದಿಲ್ಲ, ಲಕ್ಷಣ ಮಾತ್ರ ಮುಚ್ಚುತ್ತದೆ. ಆ ಹೊತ್ತಲ್ಲಿ ಪಿಸಿಆರ್ ಮಾಡಿಸಿದರೆ ಸುಳ್ಳು ನೆಗೆಟಿವ್ ಕೂಡ ಬರಬಹುದು. ಮೇಲಿಂದ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಗಂಟಲ ಚೀಲದಲ್ಲಿ ಕ್ಯಾಂಡಿಡಾ ಬೂಸ್ಟು ಬೆಳೆಯಲು ಜಾಗ ಸಿಗುತ್ತದೆ.

ಮುಂದೆ ಎಂದಾದರೂ ವೈದ್ಯರೇ 45 ದಿನದ ಕೋರ್ಸ್ ಬರೆದುಕೊಟ್ಟರೆ ಒಂದು ಮಾತು ಗಮನದಲ್ಲಿರಲಿ: ಪಂಜರದಿಂದ ಸಮುದ್ರನೊರೆ (ಹಕ್ಕಿ ಕೊಕ್ಕಿನಿಂದ ಕೆರೆಯುವ ಬಿಳಿ ಕಟಲ್‌ಬೋನ್), ಮಿನರಲ್ ಬ್ಲಾಕ್, ಸುಣ್ಣದ ಗ್ರಿಟ್ ತೆಗೆಯಬೇಕು. ಕ್ಯಾಲ್ಸಿಯಂ ಈ ಔಷಧವನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಔಷಧ ತಪ್ಪದೆ ಕೊಟ್ಟೂ ಗುಣವಾಗಲಿಲ್ಲ ಎನ್ನುವವರ ಪಂಜರ ಇಣುಕಿದರೆ ಎಷ್ಟೋ ಸಲ ಸಮುದ್ರನೊರೆ ಅಲ್ಲೇ ನೇತಾಡುತ್ತಿರುತ್ತದೆ.

ಅಜ್ಜಿಯ ವಿಷಯ. ಗಿಳಿಜ್ವರ ಮನುಷ್ಯರಿಗೂ ಬರುವ ರೋಗ. ವಯಸ್ಸಾದವರು, ಬಸುರಿಯರು, ಸ್ಟೆರಾಯ್ಡ್ ಅಥವಾ ಕ್ಯಾನ್ಸರ್ ಔಷಧ ತೆಗೆದುಕೊಳ್ಳುವವರು ಪಂಜರ ಶುಚಿ ಮಾಡಬಾರದು. ಬೇರೆಯವರು ಮಾಡುವಾಗಲೂ ಒಣ ಪೊರಕೆ ಬೇಡ. ಪೇಪರ್ ಮೇಲೆ ಮೊದಲು ನೀರು ಸಿಂಪಡಿಸಿ ಒದ್ದೆ ಮಾಡಿ, ಮಡಚಿ, ಚೀಲಕ್ಕೆ ಹಾಕಿ. ಎನ್95 ಮಾಸ್ಕ್ ಇರಲಿ, ಬಟ್ಟೆ ಮಾಸ್ಕ್ ಈ ಧೂಳು ತಡೆಯುವುದಿಲ್ಲ. ಹಕ್ಕಿ ಬಂದ ಮೇಲೆ ಮನೆಯಲ್ಲಿ ಯಾರಿಗಾದರೂ ಜ್ವರ, ತಲೆ ಸಿಡಿತ, ಒಣ ಕೆಮ್ಮು ಬಂದರೆ (ಸಾಮಾನ್ಯವಾಗಿ 5 ರಿಂದ 14 ದಿನದಲ್ಲಿ ಬರುತ್ತದೆ) ‘ಮನೆಯಲ್ಲಿ ಗಿಳಿ ಜಾತಿ ಹಕ್ಕಿ ಇದೆ’ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಮಾಮೂಲಿ ನ್ಯುಮೋನಿಯಾ ಎಂದು ಅಮೋಕ್ಸಿಸಿಲಿನ್ ಜಾತಿಯ ಔಷಧ ಬರೆಯುತ್ತಾರೆ, ಅದು ಇದಕ್ಕೆ ನಾಟುವುದಿಲ್ಲ.

ಟಿಳಕವಾಡಿ_ಕಾಕಟೀಲ್

ಬಾಳ ಉಪಕಾರ ಆತ್ರಿ. ಪುಡಿ ತಂದಿದ್ದೆ, ತಗದಿಟ್ಟೆ. ಇನ್ನ ಎರಡು ಪ್ರಶ್ನೆ ಉಳದಾವ. ನಮ್ಮವು ಈಗ ಆರಾಮ ಅದಾವ ಅಂತ ಖಾತ್ರಿ ಮಾಡಿಕೊಳ್ಳೂದು ಹೆಂಗ? ಪಂಜರ ತೊಳಿಯಾಕ ಫಿನಾಯಿಲ್ ನಡೀತೈತೇನು?

ಹಿಕ್ಕೆ_ಸ್ಲೈಡ್ (ಬೆಳಗಾವಿ, ಲ್ಯಾಬ್)

ಮೊದಲು ತೂಕ. 1 ಗ್ರಾಂ ವರೆಗೆ ತೋರಿಸುವ ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು. ಬೆಳಿಗ್ಗೆ ಕಾಳು ಹಾಕುವ ಮುಂಚೆ, ಬಿಡುವ ಮೊದಲಿನ ಒಂದು ವಾರ ದಿನಾ ಬರೆದಿಡಿ. ಬಡ್ಜಿ ಸುಮಾರು 30–40 ಗ್ರಾಂ, ಕಾಕಟೀಲ್ 80–100ರ ಆಸುಪಾಸು. ಆದರೆ ಪುಸ್ತಕದ ಅಂಕಿಗಿಂತ ನಿಮ್ಮ ಹಕ್ಕಿಯ ಸ್ವಂತ ಅಂಕಿ ಮುಖ್ಯ. ಹತ್ತರಲ್ಲಿ ಒಂದು ಪಾಲು ಇಳಿದರೆ ವೈದ್ಯರಲ್ಲಿಗೆ ಹೋಗಿ. 35 ಗ್ರಾಮಿನ ಬಡ್ಜಿಗೆ ಅದು ಬರೀ ಮೂರೂವರೆ ಗ್ರಾಂ, ಗರಿ ಉಬ್ಬಿಸಿ ಕೂತರೆ ಕಣ್ಣಿಗೆ ಕಾಣುವುದೇ ಇಲ್ಲ. ಈ ಪಟ್ಟಿಯನ್ನೇ ಕ್ಲಿನಿಕ್ಕಿಗೆ ಕೊಟ್ಟು ಅಲ್ಲೂ ದಿನಾ ತೂಗಲು ಹೇಳಿ. ತಟ್ಟೆಯ ಮೇಲೆ ಪ್ರತಿ ಹಕ್ಕಿಗೂ ಹೊಸ ಪೇಪರ್.

ಆಮೇಲೆ ಹಿಕ್ಕೆ. ಆರೋಗ್ಯದ ಹಿಕ್ಕೆಯಲ್ಲಿ ಮೂರು ಭಾಗ ಬಿಡಿಬಿಡಿಯಾಗಿ ಕಾಣುತ್ತವೆ: ಹಸಿರು ಸುರುಳಿ, ಬಿಳಿ ಸುಣ್ಣದಂಥದ್ದು, ಸುತ್ತ ತಿಳಿನೀರು. ಪ್ರಯಾಣದ ನಂತರ ಕೆಲ ತಾಸು ನೀರು ಹೆಚ್ಚಿದ್ದರೆ ಚಿಂತೆ ಬೇಡ. ಬಿಳಿ ಇರಬೇಕಾದದ್ದು ಹಳದಿ ಅಥವಾ ನಿಂಬೆ ಹಸಿರಾದರೆ ಲಿವರ್‌ಗೆ ಪೆಟ್ಟಾಗಿದೆ, ಗಿಳಿಜ್ವರವನ್ನು ಅನುಮಾನಿಸಬೇಕು. ಇಡೀ ಕಾಳು ಜೀರ್ಣವಾಗದೆ ಬಂದರೆ ಬಡ್ಜಿಯಲ್ಲಿ ಮೊದಲ ಅನುಮಾನ ಮ್ಯಾಕ್ರೋರ‍್ಯಾಬ್ಡಸ್ ಮೇಲೆ. ಹಳಬರು ಮೆಗಾಬ್ಯಾಕ್ಟೀರಿಯಾ ಎನ್ನುತ್ತಾರೆ, ಅಸಲಿಗೆ ಅದು ಯೀಸ್ಟ್. ಹಕ್ಕಿ ದಿನವಿಡೀ ಬಟ್ಟಲ ಮುಂದೆಯೇ ಇರುತ್ತದೆ, ಎದೆಮೂಳೆ ಮಾತ್ರ ಚಾಕುವಿನ ಅಲಗಿನ ಹಾಗೆ ಕೈಗೆ ಸಿಗುತ್ತದೆ. ಆಂಟಿಬಯಾಟಿಕ್ ಇದಕ್ಕೆ ಕೆಲಸ ಮಾಡುವುದಿಲ್ಲ, ಬಾಯಿಂದ ಆಂಫೋಟೆರಿಸಿನ್ (ಯೀಸ್ಟ್, ಬೂಸ್ಟು ಕೊಲ್ಲುವ ಔಷಧ) ಬೇಕು. ಪತ್ತೆ ದುಬಾರಿಯಲ್ಲ: ಆಗಷ್ಟೇ ಹಾಕಿದ ಹಿಕ್ಕೆ, ಒಂದು ಹನಿ ಸಲೈನ್, ಸ್ಲೈಡ್, 400 ಪಟ್ಟು ಹಿಗ್ಗಿಸಿ ನೋಡಿದರೆ ಹೊಳೆಯುವ ಉದ್ದ ಕಡ್ಡಿಗಳು ಕಾಣುತ್ತವೆ. ಒಂದು ದಿನ ಕಾಣದಿದ್ದರೆ ಇಲ್ಲ ಎಂದಲ್ಲ, ಬಿಟ್ಟುಬಿಟ್ಟು ಹೊರಬರುತ್ತದೆ. ಮೂರು ದಿನ ನೋಡಿ.

ಗಿಳಿಜ್ವರ, ಪಿಬಿಎಫ್‌ಡಿಗೆ ಪಿಸಿಆರ್ ಬೇಕು. ಗರಿಯಿಂದ ಗಂಡು-ಹೆಣ್ಣು ಪತ್ತೆ ಮಾಡುವ ಲ್ಯಾಬುಗಳಲ್ಲಿ ಕೆಲವು ಇದನ್ನೂ ಮಾಡುತ್ತವೆ. ಗಿಳಿಜ್ವರಕ್ಕೆ ಅಂಗುಳಿನ ಸೀಳು ಮತ್ತು ಗುದದ್ವಾರದ ಸ್ವಾಬ್, ಪಿಬಿಎಫ್‌ಡಿಗೆ ರಕ್ತ ಮತ್ತು ಬುಡಸಮೇತ ಕಿತ್ತ ಗರಿ. ನೆಲಕ್ಕೆ ಬಿದ್ದ ಗರಿ ಕಳಿಸಬೇಡಿ, ಅದರ ಮೇಲೆ ಇಡೀ ಕೋಣೆಯ ಧೂಳಿರುತ್ತದೆ. ಲಕ್ಷಣವೇ ಇಲ್ಲದ ಹಕ್ಕಿಗೆ ಪಿಬಿಎಫ್‌ಡಿ ಪಾಸಿಟಿವ್ ಬಂದರೆ ಎದೆಗುಂದಬೇಡಿ, 90 ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಕೆಲವು ಹಕ್ಕಿಗಳು ವೈರಸ್ಸನ್ನು ತಾವೇ ತೊಡೆದುಹಾಕುತ್ತವೆ.

ಫಿನಾಯಿಲ್ ಬೇಡವೇ ಬೇಡ. ಅದರ ಹಬೆ ಹಕ್ಕಿಯ ಉಸಿರಿಗೆ ವಿಷ. ಬ್ಲೀಚಿಂಗ್ ಪುಡಿ ಸಾಕು: ಒಂದು ಲೀಟರ್ ನೀರಿಗೆ 5 ಗ್ರಾಂ, ಕಲಕಿ, ತಳ ಕೂರಲು ಬಿಟ್ಟು ಮೇಲಿನ ತಿಳಿ ಬಳಸಿ. ಬಾಟಲಿಯ 5 ಶೇಕಡಾ ಹೈಪೋಕ್ಲೋರೈಟ್ ಆದರೆ ಲೀಟರಿಗೆ 30 ಮಿಲಿ. ಹಕ್ಕಿಯನ್ನು ಬೇರೆ ಕೋಣೆಗೆ ಒಯ್ದು, ಮೊದಲು ಸೋಪಿನಿಂದ ಹಿಕ್ಕೆ ಪೂರ್ತಿ ಉಜ್ಜಿ ತೆಗೆಯಿರಿ. ಕೊಳೆ ಇದ್ದರೆ ಕ್ಲೋರಿನ್ ಅದರ ಮೇಲೇ ಖರ್ಚಾಗಿ ಹೋಗುತ್ತದೆ. ದ್ರಾವಣ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಆಮೇಲೆ ತೊಳೆದು ಬಿಸಿಲಿಗೆ. ಆಯಾ ದಿನದ್ದು ಆಯಾ ದಿನ ಕಲಸಿ. ಫಿನಾಯಿಲ್, ಟಾಯ್ಲೆಟ್ ಆ್ಯಸಿಡ್ ಯಾವುದರ ಜೊತೆಗೂ ಬೆರೆಸಬೇಡಿ.

ಗರಿ_ಕೊಕ್ಕು

ಮೇಲಿನದಕ್ಕೆ ಒಂದು ಸೇರ್ಪಡೆ. ಬಾಯಿ ತೆರೆದಿಟ್ಟ ಹಳೆಯ ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಮೂಗಿಗೆ ಘಾಟು ಬಾರದಿದ್ದರೆ ಅದು ಬರೀ ಸುಣ್ಣ, ಹೊಸ ಪ್ಯಾಕೆಟ್ ತನ್ನಿ.

ವಾಪಸ್ ತಂದ ಮೇಲೆ: ಆರೂ ಹಕ್ಕಿ ಒಟ್ಟಿಗೆ ಹೋಗಿ ಒಟ್ಟಿಗೆ ಬಂದರೆ ಅವುಗಳ ನಡುವೆ ಬೇರ್ಪಡಿಸುವ ಅರ್ಥವಿಲ್ಲ, 45 ದಿನ ತೂಕ, ಹಿಕ್ಕೆ ನೋಡುತ್ತಿರಿ. ಆ ಅವಧಿಯಲ್ಲಿ ಹೊಸ ಹಕ್ಕಿ ತರಬೇಡಿ, ಇರುವುದನ್ನು ಯಾರಿಗೂ ಕೊಡಬೇಡಿ. ಒಂದೇ ಹಕ್ಕಿ ಹೋಗಿ ಬಂದಿದ್ದರೆ ಬೇರೆ ಕೋಣೆ, ಬೇರೆ ಬಟ್ಟಲು, ಅದರ ಕೆಲಸ ಕೊನೆಗೆ. ಮಂಕಾದರೆ ವೈದ್ಯರು ಸಿಗುವ ತನಕ ಪಂಜರದ ಮೂರು ಬದಿ ಮುಚ್ಚಿ, ಒಂದು ಬದಿಗೆ ಹಳೆಯ ಹಳದಿ ಬಲ್ಬು (40 ಅಥವಾ 60 ವ್ಯಾಟ್) ಹಚ್ಚಿ 28–30 ಡಿಗ್ರಿ ಶಾಖ ಕೊಡಿ. ಎಲ್‌ಇಡಿ ಹಚ್ಚಿ ಶಾಖ ಕೊಟ್ಟೆವು ಎನ್ನುವವರಿದ್ದಾರೆ, ಅದರಲ್ಲಿ ಬೆಳಕು ಬಿಟ್ಟರೆ ಬೇರೇನೂ ಬರುವುದಿಲ್ಲ.

ಸತ್ತರೆ ಫ್ರೀಜರ್‌ಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗಿ ಮರಣೋತ್ತರ ಪರೀಕ್ಷೆ ದಂಡ. ಗರಿಯನ್ನು ಸೋಪುನೀರಲ್ಲಿ ತೋಯಿಸಿ ಎರಡು ಚೀಲ ಸುತ್ತಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು, 24 ಗಂಟೆಯೊಳಗೆ ಐಸ್ ಪ್ಯಾಕ್ ಜೊತೆ ತಲುಪಿಸಿ. ಆದರೆ ಹತ್ತಾರು ಹಕ್ಕಿ ಒಮ್ಮೆಲೇ ಸತ್ತರೆ, ಸುತ್ತಮುತ್ತ ಕಾಗೆ, ಕೋಳಿಯೂ ಸಾಯುತ್ತಿದ್ದರೆ ಕೈಯಿಂದ ಮುಟ್ಟದೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರವನ್ನು ಖಚಿತಪಡಿಸುವುದು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ, ಮಾದರಿ ಕಳಿಸುವ ಕೆಲಸ ಇಲಾಖೆಯದು.

ಟಿಳಕವಾಡಿ_ಕಾಕಟೀಲ್

ಇವತ್ತು ಕ್ಲಿನಿಕ್‌ಗೆ ಹೋಗಿ ಮಾತಾಡಿದೆ. ಮ್ಯಾಲ ಒಂದು ಖಾಲಿ ಸ್ಟೋರ್ ರೂಮ್ ಐತಿ, ಕಿಟಕಿ ಐತಿ, ಎಕ್ಸಾಸ್ಟ್ ಫ್ಯಾನ್ ಐತಿ, ಅದನ್ನ ನಿಮ್ಮ ಹಕ್ಕಿಗೆ ಬಿಟ್ಟುಕೊಡತೀವಿ, ನಿಮ್ಮ ಪಂಜರಾನ ತರ್ರಿ ಅಂದ್ರು. ನಡೀತೈತೇನ್ರಿ?

ಗುಮ್ಮಟ_ಲಾಫ್ಟ್

ಅಕ್ಕಾರ, ಮೊದಲ ಹಕ್ಕಿ ಇಲ್ಲದಾಗ ಒಂದು ಊದಿನಕಡ್ಡಿ ಹಚ್ಚಿ ಆ ರೂಮಿನ ಬಾಗಲಾ ಒಂದು ಬೆರಳಷ್ಟು ತಗದು ಸಂದಿಗೆ ಹಿಡೀರಿ. ಹೊಗಿ ಹೊರಗ ವರಾಂಡಾ ಕಡೆ ಹೋದ್ರ ಛಲೋ. ಹೊಗಿ ಒಳಗ ಎಳಕೊಂಡ್ರ ಆ ಎಕ್ಸಾಸ್ಟ್ ಕೆಳಗಿನ ರೋಗಿ ಹಕ್ಕಿಗಳ ಗಾಳೀನ ನಿಮ್ಮ ರೂಮಿಗೆ ಜಗ್ಗಾಕತ್ತೈತಿ ಅಂತ ತಿಳೀರಿ. ಹಂಗಿದ್ರ ಫ್ಯಾನ್ ಬಂದ್ ಮಾಡಸಿ ಕಿಟಕಿ ತಗಸ್ರಿ, ಕಿಟಕಿಗೆ ಸೊಳ್ಳಿ ಜಾಳಿಗಿ ಹೊಡಸ್ರಿ, ಬಾಗಲದ ಬುಡಕ ಬಟ್ಟಿ ಸುತ್ತಿ ಇಡಸ್ರಿ. ಮತ್ತೊಮ್ಮೆ ಕಡ್ಡಿ ಹಿಡದು ನೋಡ್ರಿ. ನೋಡಿದ ಮ್ಯಾಲ ಒಂದು ತಾಸು ಕಿಟಕಿ ತಗದಿಟ್ಟು ಹೊಗಿ ಪೂರಾ ಹೋಗೂ ತನಕ ಹಕ್ಕಿ ಒಳಗ ಒಯ್ಯಬ್ಯಾಡ್ರಿ.